ಅಪಸ್ಮಾರ: ಔಷಧವೂ ಎಚ್ಚರಿಕೆಯೂ

ನಟರಾಜನ ವಿಗ್ರಹದಲ್ಲಿ ಆತನ ಪಾದದ ಕೆಳಗೆ ಬಿದ್ದಿರುವ ಕುಳ್ಳ ಆಕೃತಿಯನ್ನು ನೀವೆಲ್ಲರೂ ನೋಡಿರುತ್ತೀರಿ. ಅವನ ಹೆಸರು ಅಪಸ್ಮಾರ; ಸ್ಮೃತಿಯನ್ನು ಕಳೆಯುವವನು ಎಂದರ್ಥ. ಚರಕಸಂಹಿತೆಯಲ್ಲಿ ಇದೇ ಹೆಸರು ಒಂದು ರೋಗಕ್ಕೆ ಬಂದಿದೆ. ಹಳ್ಳಿಗಳಲ್ಲಿ ಮೂರ್ಛೆರೋಗವೆಂದೂ ಪಟ್ಟಣಗಳಲ್ಲಿ ಫಿಟ್ಸ್ ಎಂದೂ ಕರೆಯುವುದು ಇದನ್ನೇ. ವಿಗ್ರಹದಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಶಿವನು ಅವನನ್ನು ಕೊಂದಿಲ್ಲ. ಮೆಟ್ಟಿ ಹಿಡಿದಿದ್ದಾನೆ, ಅಷ್ಟೆ. ಈ ರೋಗಕ್ಕೆ ನಾವು ಕೊಡುವ ಔಷಧವೂ ಬಹುಮಟ್ಟಿಗೆ ಮಾಡುವುದು ಇಷ್ಟನ್ನೇ.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ಈ ರೋಗ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಬಾಲ್ಯ ಯೌವನಗಳಲ್ಲಿ ಅಥವಾ ಮುಪ್ಪಿನಲ್ಲಿ. ಆದುದರಿಂದ ಉಪಾಧ್ಯಾಯರಾದವರು ಇದನ್ನು ಅರಿಯದೆ ಇರುವಂತಿಲ್ಲ. ಮಿದುಳಿನ ಜೀವಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ತಿನಿಂದ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಆ ಸುದ್ದಿಗಳು ಕ್ರಮತಪ್ಪಿ ಒಮ್ಮೆಲೇ ಭುಗಿಲೆದ್ದಾಗ ಬರುವುದೇ ಸೆಳವು. ಇದು ದೆವ್ವದ ಕಾಟವೂ ಅಲ್ಲ, ಅಂಟುರೋಗವೂ ಅಲ್ಲ. ಲೋಕದಲ್ಲಿ ಸುಮಾರು 5 ಕೋಟಿ ಜನರು ಇದನ್ನು ಹೊತ್ತು ಬಾಳುತ್ತಿದ್ದಾರೆ.

ಔಷಧಗಳ ಚರಿತ್ರೆ ಸ್ವಾರಸ್ಯವಾದುದು. 1857ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಲೋಕಾಕನು ಬ್ರೋಮೈಡಿನ ಗುಣವನ್ನು ಹೇಳಿದನು. 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್ ಎಂಬ ತರುಣ ವೈದ್ಯನು ನಿದ್ರೆಗೆಂದಿದ್ದ ಫೆನೋಬಾರ್ಬಿಟಾಲ್ ಸೆಳವನ್ನೂ ತಡೆಯುವುದೆಂದು ಕಂಡನು. 1938ರಲ್ಲಿ ಬಾಸ್ಟನ್ನಿನ ಮೆರಿಟ್ ಮತ್ತು ಪಟ್ನಮ್ ಎಂಬವರು ಫೆನಿಟಾಯಿನ್ ಅನ್ನು ಬಳಕೆಗೆ ತಂದರು. ಮಂಪರು ಬರಿಸದೆಯೇ ಸೆಳವನ್ನು ತಡೆಯಬಹುದೆಂಬುದು ಅದರಿಂದ ತಿಳಿಯಿತು. ಈಗ ಇಪ್ಪತ್ತಕ್ಕೂ ಹೆಚ್ಚು ಔಷಧಗಳುಂಟು. ತಕ್ಕ ಔಷಧವನ್ನು ತಪ್ಪದೆ ತೆಗೆದುಕೊಂಡರೆ ನೂರರಲ್ಲಿ ಎಪ್ಪತ್ತು ಮಂದಿಯವರೆಗೆ ಸೆಳವಿಲ್ಲದೆ ಬಾಳಬಹುದು.

ಅಪಾಯ ಹುಟ್ಟುವುದು ಈ ಗೆಲುವಿನಲ್ಲಿಯೇ. ಎಂಟು ತಿಂಗಳು ಸೆಳವು ಬಾರದೆ ಇರುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ರೋಗ ಹೋಯಿತೆಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ಪರೀಕ್ಷೆ ಹತ್ತಿರವಾದಾಗ, ಗುಳಿಗೆಯಿಂದ ಜಡತ್ವ ಬರುವುದೆಂದು ಹುಡುಗನು ಅದನ್ನು ಬಿಡುತ್ತಾನೆ, ರಾತ್ರಿಯೆಲ್ಲ ಓದುತ್ತಾನೆ. ನಿದ್ದೆಗೇಡೂ ಔಷಧದ ಅಭಾವವೂ ಕೂಡಿದರೆ ಕೇಳಬೇಕೆ? ಥಟ್ಟನೆ ನಿಲ್ಲಿಸಿದಾಗ ಒಂದರ ಬೆನ್ನಿಗೆ ಒಂದು ಸೆಳವು ಬಂದು, ಎಚ್ಚರವೇ ಮರಳದೆ, ಪ್ರಾಣಕ್ಕೆ ಎರವಾಗುವುದುಂಟು. ಮದುವೆಯ ಮನೆ, ಯಾತ್ರೆ, ಉಪವಾಸದ ದಿನ, ಇವುಗಳಲ್ಲಿಯೂ ಗುಳಿಗೆ ಹೀಗೆಯೇ ತಪ್ಪುತ್ತದೆ. ಒಂದು ಹೊತ್ತು ಮರೆತರೆ ನೆನಪಾದೊಡನೆ ತೆಗೆದುಕೊಳ್ಳಬಹುದು. ಆದರೆ ಮುಂದಿನ ಹೊತ್ತು ಸಮೀಪಿಸಿದ್ದರೆ ಎರಡನ್ನೂ ಸೇರಿಸಿ ನುಂಗಲಾಗದು. ಔಷಧವನ್ನು ಎಂದೆಂದಿಗೂ ಬಿಡಬಾರದೆಂದು ನಾನು ಹೇಳುತ್ತಿಲ್ಲ. ಎರಡು ವರ್ಷಗಳಾದರೂ ಸೆಳವಿಲ್ಲದೆ ಕಳೆದವರಿಗೆ ಬಿಡಬಹುದೇ ಎಂಬುದನ್ನು ವೈದ್ಯರು ವಿಚಾರಮಾಡುತ್ತಾರೆ. ಬಿಡಿಸುವುದಾದರೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ.

ಇನ್ನು ಔಷಧಗಳಿಗೂ ತಮ್ಮ ತಮ್ಮ ದೋಷಗಳುಂಟು. ಫೆನಿಟಾಯಿನ್ನಿನ ಲೆಕ್ಕ ನಾವು ಶಾಲೆಯಲ್ಲಿ ಕಲಿತ ತ್ರೈರಾಶಿಯಂತಲ್ಲ. ಪ್ರಮಾಣವನ್ನು ಕೊಂಚವೇ ಏರಿಸಿದರೂ ರಕ್ತದಲ್ಲಿ ಅದರ ಮಟ್ಟ ಬಹಳ ಏರಿ, ನಡಿಗೆ ತೂರಾಡಿ, ಮಾತು ತೊದಲಬಹುದು. ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್‌ಗಳನ್ನು ಪ್ರಾರಂಭಿಸಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಎದ್ದರೆ ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಕ್ಷಯದ ಔಷಧವನ್ನಾಗಲಿ ಗರ್ಭನಿರೋಧದ ಗುಳಿಗೆಯನ್ನಾಗಲಿ ಇವುಗಳೊಡನೆ ಸೇರಿಸುವಾಗ ಒಂದರ ಬಲವನ್ನು ಮತ್ತೊಂದು ಕುಂದಿಸಬಹುದು. ಆದಕಾರಣ ಯಾವ ವೈದ್ಯರಲ್ಲಿಗೆ ಹೋದರೂ ಹಳೆಯ ಚೀಟಿಯನ್ನು ತೋರಿಸಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ವಾಲ್‌ಪ್ರೊಯೇಟ್ ಎಂಬುದರ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಗರ್ಭಿಣಿಯು ಅದನ್ನು ತೆಗೆದುಕೊಂಡರೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು 10ಕ್ಕೆ ಅಂಗವಿಕಲತೆಯೂ, 30ರಿಂದ 40ಕ್ಕೆ ಬೆಳವಣಿಗೆಯ ತೊಂದರೆಯೂ ಕಂಡುಬಂದಿದೆ. ಹಾಗೆಂದು ಹೆದರಿ ತಾನಾಗಿಯೇ ಬಿಟ್ಟರೆ ತಾಯಿಗೂ ಮಗುವಿಗೂ ಆಪತ್ತು. ಗರ್ಭಧರಿಸುವುದಕ್ಕೆ ಮೊದಲೇ ವೈದ್ಯರೊಡನೆ ಮಾತನಾಡಿ ಔಷಧವನ್ನು ಬದಲಿಸಿಕೊಳ್ಳುವುದು ಸಾಧ್ಯವಿದೆ. ಆದರೆ ರೋಗವನ್ನೇ ಬಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ಈ ಮಾತನ್ನು ಆಡುವವರು ಯಾರು? ಅಪಸ್ಮಾರವಿದ್ದರೆ ವಿವಾಹವನ್ನು ರದ್ದುಮಾಡಬಹುದೆಂಬ ಮಾತನ್ನು ಹಿಂದೂ ವಿವಾಹ ಶಾಸನದಿಂದ 1999ರಲ್ಲಿಯೇ ತೆಗೆದುಹಾಕಿದೆ. ಶಾಸನ ತಿದ್ದಿಕೊಂಡಷ್ಟು ಬೇಗ ಬೀಗರು ತಿದ್ದಿಕೊಂಡಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಒಂದು ಬಗೆಯನ್ನೂ ಹೇಳಬೇಕು. ಹಂಡೆಯ ಸುಡುನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ತಲೆಗೆ ಹೊಯ್ದುಕೊಳ್ಳುವಾಗ ಕೆಲವರಿಗೆ ಸೆಳವು ಬರುತ್ತದೆ. ಬೆಂಗಳೂರಿನ ವೈದ್ಯ ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ 1968ರಲ್ಲಿ ಇದನ್ನು ಕುರಿತು ಬರೆದರು. ಲೋಕದ ಬೇರೆಡೆಗಳಲ್ಲಿ ಅಪರೂಪವಾದ ಈ ಬಗೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುತ್ತದೆ. ಇಂಥವರಲ್ಲಿ ಹಲವರಿಗೆ ಉಗುರುಬೆಚ್ಚನೆಯ ನೀರೇ ಔಷಧ. ಅಷ್ಟರಿಂದ ನಿಲ್ಲದಿದ್ದರೆ, ತಲೆಗೆ ಎರೆದುಕೊಳ್ಳುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಗಂಟೆಯಷ್ಟು ಮೊದಲು ಕ್ಲೋಬಜಾಮ್ ಗುಳಿಗೆಯನ್ನು ವೈದ್ಯರು ಕೊಡುವುದುಂಟು. ಎಣ್ಣೆನೀರಿನ ಸುಖವನ್ನು ಬಿಡಲಾರದವರಿಗೆ ಇದೊಂದು ಸಮಾಧಾನ.

ತಕ್ಕಂತೆ ಆರಿಸಿದ ಎರಡು ಔಷಧಗಳಿಂದಲೂ ಸೆಳವು ನಿಲ್ಲದಿದ್ದರೆ ಸುಮ್ಮನೆ ಮೂರನೆಯದು, ನಾಲ್ಕನೆಯದು ಎಂದು ಕಾಲ ಕಳೆಯುವುದಕ್ಕಿಂತ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಮಾಡಿಸುವುದು ಲೇಸು. ಮಿದುಳಿನಲ್ಲಿ ಸೆಳವು ಹುಟ್ಟುವ ಎಡೆ ಗೊತ್ತಾದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿಯೂ ಇದಕ್ಕೆ ಏರ್ಪಾಡಿದೆ. ಮಕ್ಕಳಿಗೆ ಜಿಡ್ಡು ಹೆಚ್ಚಾಗಿರುವ ವಿಶೇಷ ಪಥ್ಯವೂ ಉಂಟು. ಅದನ್ನು ಮನೆಯಲ್ಲಿ ತಾವೇ ಪ್ರಾರಂಭಿಸತಕ್ಕುದಲ್ಲ.

ಎದುರಿಗೇ ಯಾರಾದರೂ ಸೆಳವಿನಿಂದ ಬಿದ್ದರೆ ಬೀಗದ ಕೈಯನ್ನು ಹುಡುಕಬೇಡಿ, ಈರುಳ್ಳಿಯನ್ನು ಮೂಸಿಸಬೇಡಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಕೈಕಾಲುಗಳನ್ನು ಅದುಮಿ ಹಿಡಿಯಲೂ ಬೇಡಿ. ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರವನ್ನು ನೋಡುತ್ತಿರಿ. ಸಾಮಾನ್ಯವಾಗಿ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ, ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಅವರ ಗುಳಿಗೆಯ ಚೀಟಿಯನ್ನೂ ಜೊತೆಗೆ ತೆಗೆದುಕೊಳ್ಳಿ.