ಗರಿಕೆಯ ಹುಲ್ಲುನೆಲಕ್ಕೆ ವರ್ಷದ ಆರೈಕೆ

(ಗ್ರಾಮಗಳ ಜಮೀನುದಾರರಿಗೂ ಮುಖಂಡರಿಗೂ ಮಾಡಿದ ಭಾಷಣದ ಪಾಠ)



ಗರಿಕೆಯನ್ನು ಅರಿಯದ ರೈತನಿಲ್ಲ. ಗಣಪತಿಯ ಪೂಜೆಗೆ ಅದು ಬೇಕು. ರಾಗಿಯ ಹೊಲಕ್ಕೆ ಅದು ಬೇಡ. ನೇಗಿಲಿಗೆ ಸಿಕ್ಕಿ ತುಂಡಾದ ಗರಿಕೆಯು ಗಿಣ್ಣುಗಿಣ್ಣಿಗೂ ಚಿಗುರಿ ಪೈರನ್ನು ಮುತ್ತುವುದರಿಂದ, ಹೊಲದಲ್ಲಿ ಅದನ್ನು ಹಗೆಯೆಂದು ಎಣಿಸುವುದು ನ್ಯಾಯವೇ ಸರಿ. ಆದರೆ ಉಳುಮೆಯಿಲ್ಲದ ನೆಲದಲ್ಲಿ, ಎಂದರೆ ಗೋಮಾಳ, ಕಾಲುವೆಯ ದಡ, ಶಾಲೆಯ ಬಯಲು ಮುಂತಾದೆಡೆಗಳಲ್ಲಿ, ಮಣ್ಣನ್ನು ಹಿಡಿದಿಡುವುದಕ್ಕೆ ಗರಿಕೆಗೆ ಸಮನಾದ ಹುಲ್ಲು ವಿರಳ. ಗೋಮಾಳವು ಬರಿದಾದರೆ ಮೇವು ಹೋಗುವುದು. ಅದರ ಮಣ್ಣು ಕೊಚ್ಚಿ ಹೋಗಿ ಕೆರೆಯಲ್ಲಿ ಹೂಳಾಗುವುದು.

ಈ ಹುಲ್ಲನ್ನು ಅತ್ಯಂತ ಶ್ರದ್ಧೆಯಿಂದ ಬೆಳೆಸತಕ್ಕವರು ಗಾಲ್ಫ್ ಮೈದಾನದ ಮಾಲಿಗಳು. ಗಾಲ್ಫ್ ಎಂಬುದು ಚೆಂಡನ್ನು ಕೋಲಿನಿಂದ ಹೊಡೆದು ದೂರದ ಕುಳಿಗೆ ಸೇರಿಸುವ ಆಟ. ಬೆಂಗಳೂರಿನಲ್ಲಿ ಇದರ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾಯಿತು. ಬಿಸಿಲುನಾಡುಗಳ ಇಂಥ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವುದು ಗರಿಕೆಯ ಜಾತಿಗಳೇ. ಅಮೆರಿಕದ ಟಿಫ್ಟನ್ ಎಂಬ ಊರಿನ ಪ್ರಯೋಗಕ್ಷೇತ್ರದಲ್ಲಿ ಗ್ಲೆನ್ ಬರ್ಟನ್ ಎಂಬ ವಿದ್ವಾಂಸರು 1943ರಲ್ಲಿ ದನಗಳ ಮೇವಿಗೆಂದು ‘ಕೋಸ್ಟಲ್’ ಎಂಬ ಗರಿಕೆಯನ್ನೂ, 1960ರಲ್ಲಿ ಆಟದ ಮೈದಾನಗಳಿಗೆಂದು ‘ಟಿಫ್‌ವೇ’ ಎಂಬುದನ್ನೂ ಹೊರತಂದರು. ಮೇವಿನ ಹುಲ್ಲೂ ಮೈದಾನದ ಹುಲ್ಲೂ ಒಂದೇ ಕುಲದವು.

ಹೀಗಿರುವಲ್ಲಿ, ಪದೇ ಪದೇ ಯಂತ್ರದಿಂದ ಕತ್ತರಿಸಲ್ಪಡುವ ಮೈದಾನದ ಗರಿಕೆ ಹಸುರಾಗಿಯೂ, ದನ ಮೇಯುವ ಗೋಮಾಳದ ಗರಿಕೆ ಸವೆದು ಬರಿನೆಲವಾಗಿಯೂ ಇರುವುದೇಕೆ? ಹುಲ್ಲಿಗೆ ಆಹಾರವನ್ನು ಸಿದ್ಧಪಡಿಸುವುದು ಎಲೆ. ಬಲ್ಲ ಮಾಲಿಯು ಒಂದು ಸಲಕ್ಕೆ ಎಲೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಕತ್ತರಿಸುವುದಿಲ್ಲ. ಗೋಮಾಳದಲ್ಲಿಯಾದರೋ ಬುಡ ಕಾಣುವವರೆಗೂ ಮೇಯಿಸುವುದುಂಟು. ಎಲೆ ಹೋದ ಹುಲ್ಲು ಬೇರಿನಲ್ಲಿ ಕೂಡಿಟ್ಟ ಸತ್ತ್ವವನ್ನು ವೆಚ್ಚಮಾಡಿ ಚಿಗುರುವುದು. ಚಿಗುರನ್ನೂ ಬಿಡದೆ ಮೇಯಿಸಿದರೆ ಬೇರು ಕುಗ್ಗಿ ಸಾಯುವುದು. ಅಳತೆ ಮತ್ತು ಬಿಡುವು, ಇವೆರಡೇ ಮಾಲಿಯ ಗುಟ್ಟು. ಕಾಲಕಾಲಕ್ಕೆ ಮಾಡತಕ್ಕ ಕೆಲಸಗಳು ಹೀಗಿವೆ.

ಮುಂಗಾರಿಗೆ ಮೊದಲು: ತುಳಿತದಿಂದ ಗಟ್ಟಿಯಾದ ನೆಲದೊಳಕ್ಕೆ ನೀರೂ ಗಾಳಿಯೂ ಹೋಗಲಾರವು. ಮಾಲಿಗಳು ಮೈದಾನವನ್ನು ಮೂರು ನಾಲ್ಕು ಅಂಗುಲ ಆಳಕ್ಕೆ ಚುಚ್ಚಿ, ಮರಳನ್ನೂ ಜರಡಿ ಹಿಡಿದ ಗೊಬ್ಬರವನ್ನೂ ಎರಚುವರು. ಭರಣಿ, ಕೃತ್ತಿಕೆಯ ಮಳೆ ಬಿದ್ದು ನೆಲ ಹದವಾದಾಗ, ದನ ನಿಲ್ಲುವ ಜಾಗಗಳನ್ನು ಹಾರೆಯಿಂದ ಹೀಗೆಯೇ ಚುಚ್ಚಬಹುದು. ಇದೇ ಮಳೆಗೆ ಗೊಣ್ಣೆಹುಳುವಿನ ದುಂಬಿಗಳು ಭೂಮಿಯಿಂದೆದ್ದು ಮುಸ್ಸಂಜೆಯಲ್ಲಿ ಬೇವು, ಜಾಲಿಯ ಮರಗಳಿಗೆ ಮುತ್ತುವುವು. ಕೊಂಬೆಗಳನ್ನು ಅಲುಗಿಸಿ, ಬಿದ್ದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕತಕ್ಕದ್ದು. ಇವನ್ನು ಬಿಟ್ಟರೆ ಇವುಗಳ ಮರಿಗಳು ಹುಲ್ಲಿನ ಬೇರನ್ನು ತಿನ್ನುವುವು. ಆಗ ಹುಲ್ಲು ಚಾಪೆಯಂತೆ ಎದ್ದು ಬರುವುದು.

ಮಳೆಗಾಲ: ಬರಿನೆಲದಲ್ಲಿ ಗರಿಕೆ ನೆಡುವುದಕ್ಕೆ ಆರಿದ್ರೆಯ ಮಳೆ ಒಳ್ಳೆಯದು. ಮೂರು ನಾಲ್ಕು ಗಿಣ್ಣುಳ್ಳ ತುಂಡುಗಳನ್ನು ಗೇಣಿಗೊಂದರಂತೆ, ತುದಿ ಹೊರಗಿರುವಂತೆ ನೆಡಬೇಕು. ದಡದ ಇಳಿಜಾರಿಗೆ, ಚಿಕ್ಕದಾಗಿ ಕತ್ತರಿಸಿದ ಗರಿಕೆಯನ್ನು ಮಣ್ಣು ಸಗಣಿಗಳ ಕೆಸರಿನಲ್ಲಿ ಕಲಸಿ ಮೆತ್ತುವ ಪದ್ಧತಿಯೂ ಉಂಟು. ಗರಿಕೆಯು ನೆರಳನ್ನು ಸಹಿಸದು. ದಟ್ಟವಾದ ಮರದಡಿಯಲ್ಲಿ ನೆಟ್ಟ ಶ್ರಮ ವ್ಯರ್ಥ. ಹೊಲದ ಅಂಚಿಗೆ ಎರಡು ಮಾರು ಬಿಟ್ಟು ನೆಟ್ಟು, ಅಂಚಿನಲ್ಲಿ ಆಗಾಗ ಅಗೆದು ಬಳ್ಳಿಗಳನ್ನು ಕಡಿದರೆ ಅದು ಪೈರಿಗೆ ನುಗ್ಗದು. ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಮ್ಮನ್ನು ಹೂವಾಗುವ ಮುನ್ನ, ಕೈಗೆ ಬಟ್ಟೆ ಸುತ್ತಿಕೊಂಡು, ಬೇರುಸಹಿತ ಕೀಳಬೇಕು. ಅದು ಮೈಗೆ ತಗುಲಿದರೆ ತುರಿಕೆ ಬರುವುದುಂಟು. ಕೆಸರಾದ ನೆಲದ ಮೇಲೆ ದನ ಬಿಡಬಾರದು.

ಮೇಯಿಸುವ ಕ್ರಮ: ಗೋಮಾಳವನ್ನು ನಾಲ್ಕು ಪಾಲು ಮಾಡಿ ಒಂದೊಂದನ್ನೇ ಸರದಿಯಿಂದ ಮೇಯಿಸಬೇಕು. ಹುಲ್ಲು ಆರು ಅಂಗುಲವಾದಾಗ ದನ ಬಿಟ್ಟು, ಎರಡು ಮೂರು ಅಂಗುಲ ಉಳಿದಿರುವಾಗಲೇ ಮುಂದಿನ ಪಾಲಿಗೆ ಹೊಡೆಯತಕ್ಕದ್ದು. ಇದು ಹೊಸ ಮಾತಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗೆ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಹುಲ್ಲುಗಾವಲುಗಳಿದ್ದವು. ಒಂದರಲ್ಲಿ ದನವಿದ್ದಾಗ ಮತ್ತೊಂದರಲ್ಲಿ ಹುಲ್ಲು ಬೆಳೆಯುತ್ತಿತ್ತು.

ಹಿಂಗಾರು: ಚಿತ್ತೆ, ಸ್ವಾತಿಯ ಮಳೆಗಳ ಹೊತ್ತಿಗೆ ಪುಡಿಯಾದ ಕೊಟ್ಟಿಗೆ ಗೊಬ್ಬರವನ್ನು ತೆಳುವಾಗಿ ಹರಡಿ, ಸರದಿಯಂತೆ ವರ್ಷಕ್ಕೊಂದು ಪಾಲಿಗೆ ಪೂರ್ಣ ಬಿಡುವು ಕೊಡಬೇಕು. ಬೇಸಗೆಯನ್ನು ದಾಟುವ ಸತ್ತ್ವವನ್ನು ನೆಲದೊಳಗಿನ ಬಳ್ಳಿಗಳು ಕೂಡಿಡುವುದು ಈಗಲೇ.

ಚಳಿಗಾಲ ಮತ್ತು ಬೇಸಗೆ: ಗರಿಕೆ ಕಂದಿದರೆ ಸತ್ತಿತೆಂದು ತಿಳಿಯಬಾರದು, ಬೆಂಕಿಯನ್ನಂತೂ ಇಡಬಾರದು. ಉಳಿದ ಒಣಹುಲ್ಲು ನೆಲಕ್ಕೆ ನೆರಳಾಗಿ ತೇವವನ್ನು ಕಾಯುವುದು. ಶಾಲೆಯ ಬಯಲಿಗೆ ನೀರಿನ ಅನುಕೂಲವಿದ್ದರೆ, ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಚೆನ್ನಾಗಿ ನೆನೆಯುವಂತೆ ಹಾಯಿಸುವುದು ಮೇಲು. ಮೇಲ್ಮೇಲಿನ ನೀರಿಗೆ ಬೇರೂ ಮೇಲೆಯೇ ಉಳಿಯುವುದು.

ಇವೆಲ್ಲಕ್ಕೂ ಖರ್ಚು ಸ್ವಲ್ಪ. ಕಷ್ಟವಿರುವುದು ಊರಿನ ಒಮ್ಮತದಲ್ಲಿ. ಒಂದು ಪಾಲನ್ನು ಮುಚ್ಚಿದಾಗ, ಸ್ವಂತ ಜಮೀನುಳ್ಳವನು ತನ್ನ ಬದುವಿನ ಹುಲ್ಲಿನಿಂದ ದಿನ ತಳ್ಳಿಯಾನು. ಒಂದೇ ಹಸು, ಎರಡೇ ಆಡುಗಳಿರುವ ಬಡವನಿಗೆ ಬೇರೆ ದಾರಿಯಿಲ್ಲ. ಆದಕಾರಣ ಅಂಥವರಿಗೆ, ಮುಚ್ಚಿದ ಪಾಲಿನಲ್ಲಿ ಹುಲ್ಲು ಎತ್ತರಕ್ಕೆ ಬೆಳೆದ ಮೇಲೆ ಬುಡ ಬಿಟ್ಟು ಕುಡುಗೋಲಿನಿಂದ ಕೊಯ್ದೊಯ್ಯಲು ಮೊದಲ ಹಕ್ಕನ್ನು ಕೊಡಬೇಕು. ಮುಖಂಡರು ತಮ್ಮ ದನಗಳನ್ನೇ ಮೊದಲು ಹೊರಗಿಟ್ಟರೆ ಉಳಿದವರು ಒಪ್ಪುವರು. ಮುಖಂಡರ ದನವೇ ಬೇಲಿಯೊಳಗಿದ್ದರೆ ಯಾವ ಕಟ್ಟುಪಾಡೂ ನಿಲ್ಲದು. ಈ ವರ್ಷ ನಾಲ್ಕರಲ್ಲಿ ಒಂದೇ ಪಾಲನ್ನು ಕಾಯ್ದು ನೋಡಲಿ. ಮುಂದಿನ ಮುಂಗಾರಿನಲ್ಲಿ ಆ ಪಾಲನ್ನೂ ಪಕ್ಕದ್ದನ್ನೂ ಊರಿನವರೇ ಹೋಲಿಸಿ ನಿಶ್ಚಯಿಸಬಹುದು.