ಹಲ್ಲು ಕೀಳಿಸುವ ಮುನ್ನ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಹಲ್ಲುನೋವು ಬಂದಾಗ ನಮ್ಮ ಮನೆಗಳಲ್ಲಿ ಏನು ಮಾಡ್ತೇವೆ? ಮೊದಲು ಒಂದು ಲವಂಗ ಕಚ್ಚಿಕೊಳ್ಳುತ್ತೇವೆ. ಕೆಲವರು ಹೊಗೆಸೊಪ್ಪು ಇಡುತ್ತಾರೆ. ಆಮೇಲೆ ಮೆಡಿಕಲ್ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುತ್ತೇವೆ. ನೋವು ನಿಂತರೆ "ವಾಸಿಯಾಯ್ತು" ಅಂತ ಮರೆತುಬಿಡುತ್ತೇವೆ. ನಿಲ್ಲದಿದ್ದರೆ "ಕಿತ್ತು ಹಾಕಿಬಿಡಿ ಡಾಕ್ಟ್ರೇ" ಅನ್ನುತ್ತೇವೆ. ಆದರೆ ಸೋಂಕು ತಗುಲಿದ ಹಲ್ಲನ್ನು ಉಳಿಸಿಕೊಳ್ಳುವ ದಾರಿಯೂ ಇದೆ. ಅದೇ ಬೇರುನಾಳ ಚಿಕಿತ್ಸೆ, ಅಂದರೆ ರೂಟ್ ಕೆನಾಲ್. ಇವತ್ತು ಅದನ್ನು ತಿಳಿದುಕೊಳ್ಳೋಣ.

ನೋವು ಯಾಕೆ ಬರುತ್ತದೆ?

ಹಲ್ಲಿನ ಹೊರಪದರ ಎನಾಮಲ್. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಅದರ ಒಳಗೆ ಡೆಂಟಿನ್, ನಟ್ಟನಡುವೆ ಮೆತ್ತನೆಯ ತಿರುಳು. ಈ ತಿರುಳಿನಲ್ಲೇ ರಕ್ತನಾಳ ಮತ್ತು ನರಗಳಿವೆ. ಅವು ಬೇರಿನೊಳಗಿನ ಸಣ್ಣ ನಾಳಗಳ ಮೂಲಕ ದವಡೆಯ ಮೂಳೆಗೆ ಸೇರುತ್ತವೆ.

ಸಿಹಿ ತಿಂದು ಬಾಯಿ ತೊಳೆಯದಿದ್ದರೆ ರೋಗಾಣುಗಳು ಆ ಸಕ್ಕರೆಯಿಂದ ಆಮ್ಲ ತಯಾರಿಸುತ್ತವೆ. ಆಮ್ಲ ಹಲ್ಲನ್ನು ಕರಗಿಸಿ ಕುಳಿ ಮಾಡುತ್ತದೆ. ನಾವು ಹುಳುಕು ಹಲ್ಲು ಅನ್ನುತ್ತೇವೆ, ನಿಜ. ಆದರೆ ಅಲ್ಲಿ ಕಣ್ಣಿಗೆ ಕಾಣುವ ಹುಳು ಇರುವುದಿಲ್ಲ. ಸಂತೆಯಲ್ಲಿ ಹೊಗೆ ಹಾಕಿ ಹುಳು ತೆಗೆಯುತ್ತೇವೆ ಅನ್ನುವವರನ್ನು ನಂಬಬೇಡಿ.

ಕುಳಿ ಚಿಕ್ಕದಿದ್ದಾಗ ಸಿಮೆಂಟ್ ತುಂಬಿಸಿದರೆ ಮುಗಿಯಿತು. ಬಿಟ್ಟರೆ ತಿರುಳಿಗೆ ಸೋಂಕು ತಗಲುತ್ತದೆ. ಬಿಸಿ ಕಾಫಿ ಕುಡಿದ ಮೇಲೆ ಬಹಳ ಹೊತ್ತು ನೋವು ಉಳಿಯುವುದು, ರಾತ್ರಿ ಮಲಗಿದಾಗ ಸಿಡಿಯುವುದು, ಅಗಿಯುವಾಗ ನೋಯುವುದು ಇದರ ಲಕ್ಷಣಗಳು.

ನೋವು ನಿಂತರೆ ಮೈಮರೆಯಬೇಡಿ

ಸಹಿಸಲಾಗದ ನೋವು ಕೆಲವು ದಿನದಲ್ಲಿ ತಾನಾಗಿಯೇ ನಿಲ್ಲುವುದುಂಟು. ಹಲ್ಲು ಗುಣವಾಯಿತು ಅಂತ ನಾವು ತಿಳಿಯುತ್ತೇವೆ. ನಿಜವಾಗಿ ಆಗಿರುವುದು ಬೇರೆ: ಒಳಗಿನ ತಿರುಳು ಸತ್ತಿದೆ, ನರಕ್ಕೆ ನೋವು ತಿಳಿಸುವ ಶಕ್ತಿ ಹೋಗಿದೆ. ರೋಗಾಣುಗಳು ಬೇರಿನ ತುದಿಗೆ ಇಳಿದು ಅಲ್ಲಿ ಕೀವು ಕಟ್ಟುತ್ತವೆ. ವಸಡಿನ ಮೇಲೆ ಗುಳ್ಳೆ ಎದ್ದು ಒಡೆದು, ಮತ್ತೆ ಏಳುತ್ತಿದ್ದರೆ ಅದು ಇದರದೇ ಗುರುತು.

ಆಂಟಿಬಯೋಟಿಕ್ ಮಾತ್ರೆ ನುಂಗಿದರೆ ಸಾಲದೇ ಅಂತ ಕೇಳುತ್ತೀರಿ. ಮಾತ್ರೆಯ ಔಷಧಿ ರಕ್ತದ ಮೂಲಕ ಹೋಗಬೇಕು. ಸತ್ತ ತಿರುಳಿಗೆ ರಕ್ತವೇ ಹರಿಯುವುದಿಲ್ಲ. ಹಾಗಾಗಿ ಊತ ಇಳಿದರೂ ರೋಗದ ಬುಡ ಹಾಗೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಮುಖ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ದವಡೆಯ ಕೆಳಗೆ ಅಥವಾ ಕಣ್ಣಿನ ಕಡೆಗೆ ಬಾವು ಹರಡಿದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದು ಪ್ರಾಣಕ್ಕೇ ಅಪಾಯ ತರಬಹುದು.

ಚಿಕಿತ್ಸೆ ಹೇಗೆ ಮಾಡುತ್ತಾರೆ?

ಮೊದಲು ಎಕ್ಸ್-ರೇ ತೆಗೆಯುತ್ತಾರೆ. ಇಂಜೆಕ್ಷನ್ ಕೊಟ್ಟು ಆ ಜಾಗವನ್ನು ಮರಗಟ್ಟಿಸುತ್ತಾರೆ. ಹಲ್ಲಿನ ಮೇಲ್ಭಾಗದಲ್ಲಿ ಸಣ್ಣ ದಾರಿ ಮಾಡಿ, ಸೂಜಿಯಂಥ ಫೈಲುಗಳಿಂದ ಕೆಟ್ಟ ತಿರುಳನ್ನು ತೆಗೆದು, ನಾಳಗಳನ್ನು ಔಷಧಿಯಿಂದ ತೊಳೆಯುತ್ತಾರೆ. ಮುಂದಿನ ಮೇಲ್ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ, ದವಡೆ ಹಲ್ಲಿಗೆ ಮೂರು ಅಥವಾ ನಾಲ್ಕು. ಅದಕ್ಕೇ ಹಿಂದಿನ ಹಲ್ಲಿಗೆ ಸಮಯವೂ ಖರ್ಚೂ ಹೆಚ್ಚು. ಸ್ವಚ್ಛವಾದ ನಾಳಕ್ಕೆ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನು ತುಂಬಿ ಮುಚ್ಚುತ್ತಾರೆ. ಇದು ಮಲೇಷ್ಯಾ ಕಡೆಯ ಒಂದು ಮರದ ಹಾಲಿನಿಂದ ಬರುವಂಥದ್ದು. 19ನೇ ಶತಮಾನದಿಂದಲೂ ಬಳಕೆಯಲ್ಲಿದೆ.

ಒಂದರಿಂದ ಮೂರು ಸಲ ಹೋಗಬೇಕಾಗಬಹುದು. ತುಂಬಾ ಜನ ತಪ್ಪುವುದು ಇಲ್ಲೇ. ಮೊದಲ ದಿನವೇ ನೋವು ಹೋಗುತ್ತದೆ, ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ತಾತ್ಕಾಲಿಕ ಸಿಮೆಂಟ್ ಸವೆದು ರೋಗಾಣು ಮತ್ತೆ ಒಳಗೆ ಸೇರುತ್ತದೆ. ಕೊಟ್ಟ ದುಡ್ಡೂ ಹೋಯಿತು, ಹಲ್ಲೂ ಹೋಯಿತು. ದವಡೆ ಹಲ್ಲಿಗಂತೂ ಕೊನೆಯಲ್ಲಿ ಕ್ಯಾಪ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ರೊಟ್ಟಿ ಕಡಿಯುವಾಗಲೇ ಸೀಳಬಹುದು.

ಕಿತ್ತರೆ ಆಗದೇ?

ಬೇರು ಸೀಳಿದ್ದರೆ, ಹಲ್ಲು ತೀರಾ ಅಲುಗಾಡುತ್ತಿದ್ದರೆ ಕೀಳುವುದೇ ಸರಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅನ್ನುವುದು ಸುಳ್ಳು. ಆದರೆ ಉಳಿಯುವ ಹಲ್ಲನ್ನು ಕಿತ್ತರೆ ಅಕ್ಕಪಕ್ಕದವು ಖಾಲಿ ಜಾಗಕ್ಕೆ ವಾಲುತ್ತವೆ, ಎದುರಿನದು ಅತ್ತ ಬೆಳೆದು ಬರುತ್ತದೆ, ಅಗಿಯುವುದು ಕಷ್ಟವಾಗುತ್ತದೆ.

ಮಕ್ಕಳ ವಿಷಯ ಮರೆಯಬೇಡಿ. ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಬರುವ ದವಡೆ ಹಲ್ಲು ಶಾಶ್ವತ ಹಲ್ಲು. ಬಿದ್ದು ಹುಟ್ಟುವ ಹಲ್ಲು ಅಂತ ಅಲಕ್ಷ್ಯ ಮಾಡಿದರೆ ಅದು ಮತ್ತೆ ಬರುವುದಿಲ್ಲ.

ಖರ್ಚಿನ ಮಾತು

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಅನ್ನುವ ಗಾದೆ ನಮಗೆ ಗೊತ್ತು. ಸಿಮೆಂಟಿನಲ್ಲಿ ಮುಗಿಯುವುದನ್ನು ಬಿಟ್ಟರೆ ರೂಟ್ ಕೆನಾಲ್, ಅದನ್ನೂ ಬಿಟ್ಟರೆ ಕಟ್ಟುಹಲ್ಲು. ಪ್ರತಿ ಹೆಜ್ಜೆಗೂ ಖರ್ಚು ಏರುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೆ ತೋರಿಸಿ. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಬೇರೆ ಊರುಗಳಲ್ಲೂ ದಂತ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿ ವೈದ್ಯರು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯಬಹುದು, ಖರ್ಚು ಸಾಮಾನ್ಯವಾಗಿ ಕಡಿಮೆ. ಕ್ಯಾಪ್ ಸೇರಿ ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಕೇಳಲು ಸಂಕೋಚ ಬೇಡ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಅಥವಾ ಗರ್ಭಿಣಿಯಾಗಿರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಸಂಘದಲ್ಲಿ ಮದುವೆಗೆ, ಹಸು ಕೊಳ್ಳಲು ಸಾಲ ಕೊಡುತ್ತೇವೆ. ಒಬ್ಬ ಅಕ್ಕ ಹಲ್ಲಿಗಾಗಿ ಸಾಲ ಕೇಳಿದರೆ ನಗದೆ ಕೊಡೋಣ. ಮನೆಗೆ ಹೋದ ಮೇಲೆ ಇವತ್ತೇ ಮಕ್ಕಳ ಬಾಯಿ ತೆರೆಸಿ ನೋಡೋಣ. ಆಮೇಲೆ ನಮ್ಮದನ್ನೂ ಕನ್ನಡಿಯಲ್ಲಿ ನೋಡಿಕೊಳ್ಳೋಣ.