ಉಪ್ಪು ಸಿಹಿಯ ಸರದಿ

ಭಟ್ಕಳ ತಾಲ್ಲೂಕಿನ ಶಿರಾಲಿ ಬಳಿ, ವೆಂಕಟಾಪುರ ಹೊಳೆ ಕಡಲು ಸೇರುವೆಡೆ ಅಳ್ವೆಕೋಡಿ ಎಂಬ ಊರಿದೆ. ಅಳಿವೆ ಎಂದರೆ ಹೊಳೆಯ ಬಾಯಿ. ಊರ ಹೆಸರಿನಲ್ಲೇ ಭೂಗೋಳವಿದೆ. ಘಟ್ಟ ಕಡಲಿಗೆ ಹತ್ತಿರವಾದ್ದರಿಂದ ಇಲ್ಲಿನ ಹೊಳೆಗಳು ಗಿಡ್ಡ. ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಕಡಲನ್ನೇ ಹೊರಗೆ ತಳ್ಳುತ್ತವೆ. ಮಳೆ ನಿಂತಿತೋ, ಕೆಳಹರಿವು ಕಡಲಿನ ಪಾಲು. ದಿನಕ್ಕೆರಡು ಬಾರಿ ಉಬ್ಬರದ ನೀರು ಒಳನುಗ್ಗುತ್ತದೆ. ಉಪ್ಪುನೀರು ಭಾರ, ತಳ ಹಿಡಿದು ಬರುತ್ತದೆ. ಸಿಹಿನೀರು ಅದರ ಮೇಲೆ ಹರಿಯುತ್ತದೆ. ಎರಡೂ ಬೆರೆಯುವಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಕಾಂಡ್ಲ ಬೇರೂರುವುದು, ಸೀಗಡಿ ಮರಿಗಳು ಬೆಳೆಯುವುದು ಈ ಕೆಸರಿನಲ್ಲೇ.

ಭಟ್ಕಳ ಬಂದರಾದದ್ದೂ ಇಂಥ ಪುಟ್ಟ ಬಾಯಿಯಿಂದ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್ ನಾಡಿನಿಂದ, ಹೊರ್ಮುಜ್‌ನಿಂದ ಶರಾಬಿ ಹೊಳೆಯ ಈ ಪೇಟೆಗೆ ಬರುತ್ತಿದ್ದವು. ಅಕ್ಕಿ, ಸಕ್ಕರೆ ಹೊರಹೋಗುತ್ತಿದ್ದವು. ಹಡಗಿಗೆ ಆಸರೆಯಾದ ದಾರಿ ಶತ್ರುವಿಗೂ ದಾರಿಯೇ: 1542ರಲ್ಲಿ ಪೋರ್ಚುಗೀಸರು ಊರನ್ನು ಸುಟ್ಟರು. ಮುಂದೆ ಹಡಗುಗಳು ದೊಡ್ಡದಾದವು, ಬಾಯಿಯ ಮರಳದಿಬ್ಬ ಮಾತ್ರ ಹಾಗೇ ಇತ್ತು. ಇಂಥ ಬಂದರುಗಳಿಗೆ ಉಳಿದದ್ದು ಮೀನುದೋಣಿಗಳು.

ಉಪ್ಪು ಸಿಹಿಯ ಸರದಿ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ಪಕ್ಕದ ಹೊನ್ನಾವರಕ್ಕೆ ಹೋಗಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ, ವಿದ್ಯುತ್ ಉತ್ಪಾದಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಶರಾವತಿಯ ಅಳಿವೆಗೆ ಇಳಿಯುತ್ತಿದೆ. ನೀರು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎನ್ನಿಸಬಹುದು. ಬಳಚಿಗೆ ಹಾಗಲ್ಲ. ಅದಕ್ಕೆ ಉಪ್ಪು ಬೇಕು. ಶರಾವತಿಯಲ್ಲಿ ಚಿಪ್ಪಿನ ಸಂಪತ್ತು ಕ್ಷೀಣಿಸಿತು.

ಕುಮಟೆಯ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಇಳಿತವಾದಾಗ ಅಲ್ಲಿ ಜನ ಈಗಲೂ ಹೊಳೆಗಿಳಿದು ಬಳಚು ಆಯುತ್ತಾರೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಸರದಿಯ ಲೆಕ್ಕವನ್ನು ಪಟ್ಟಿಗಿಂತ ಎಷ್ಟೋ ಮೊದಲೇ ಅರಿತಿದ್ದವರು ಗಜನಿಯ ರೈತರು. ಗಜನಿ ಎಂದರೆ ಹೊಳೆದಂಡೆಯ ಉಪ್ಪುನೀರಿನ ಗದ್ದೆ. ಮಳೆ ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ನೆರೆ ಬಂದರೂ, ಒಂದಷ್ಟು ಉಪ್ಪು ಸೇರಿದರೂ ಕಗ್ಗ ತಾಳಿಕೊಳ್ಳುತ್ತದೆ. ಕೊಯ್ಲಾದ ಮೇಲೆ ಉಬ್ಬರದ ನೀರು ಬಿಟ್ಟರೆ ಅದೇ ಗದ್ದೆ ಮೀನು, ಸೀಗಡಿಯ ಕೆರೆ. ಕಟ್ಟೆ ಒಡೆಯದಂತೆ ಕಾಯುವುದು ಒಬ್ಬರಿಂದ ಆಗುವ ಕೆಲಸವಲ್ಲ, ಹೊಲದವರೆಲ್ಲ ಕೂಡಬೇಕು. ಸೀಗಡಿಯೇ ಲಾಭವೆಂದು ಹಲವರು ಭತ್ತ ಬಿಟ್ಟಿದ್ದಾರೆ. ಕಟ್ಟೆ ಒಡೆದು ಉಪ್ಪು ವರ್ಷವಿಡೀ ನಿಂತ ಗಜನಿಯಲ್ಲಿ ಕಗ್ಗವೂ ಮೊಳೆಯದು.